ಬಿಳಿ ರಸ್ತೆಯ ಪಾಠ: ಇಟಲಿಯ ದ್ರಾಕ್ಷಿ ಸೀಮೆಯಲ್ಲಿ 209 ಕಿಲೋಮೀಟರ್ ಸೈಕಲ್ ಯಾನ

ಮಲೆನಾಡಿನಲ್ಲಿ ಬೆಳೆಗಾರರ ಸಭೆ ಎಲ್ಲಿ ಸೇರಿದರೂ ಮೊದಲು ಏಳುವ ಬೇಡಿಕೆ ರಸ್ತೆಯದು. ತೋಟದ ಅಂಗಳದವರೆಗೆ ಲಾರಿ ಬರಬೇಕು, ಮಳೆಗಾಲದಲ್ಲಿ ಜೀಪಿನ ಗಾಲಿ ಹೂಳಬಾರದು, ರೋಗಿಯನ್ನು ಕಂಬಳಿಯಲ್ಲಿ ಹೊತ್ತೊಯ್ಯುವ ಪಾಡು ತಪ್ಪಬೇಕು. ಇವೆಲ್ಲವೂ ನ್ಯಾಯವಾದ ಬೇಡಿಕೆಗಳೇ. ಹೀಗಿರುವಾಗ, “ನಮ್ಮ ಜಲ್ಲಿ ರಸ್ತೆಗೆ ಡಾಂಬರು ಬೇಡ, ಇದ್ದಂತೆಯೇ ಉಳಿಯಲಿ” ಎಂದು ಹೊರಟ ಬೆಳೆಗಾರರ ಸೀಮೆಯೊಂದು ಇದೆಯೆಂದರೆ ನಮ್ಮ ಸದಸ್ಯ ಬಾಂಧವರಿಗೆ ಸೋಜಿಗವೆನಿಸಬಹುದು. ಅದು ಇಟಲಿ ದೇಶದ ಕಿಯಾಂಟಿ ಸೀಮೆ. ಅಲ್ಲಿನ ಹಳೆಯ ಜಲ್ಲಿ ರಸ್ತೆಗಳಲ್ಲಿ ಸೈಕಲ್ ತುಳಿಯಲೆಂದೇ ದೂರದೂರದ ದೇಶಗಳಿಂದ ಜನ ಬರುತ್ತಾರೆ. ಆ ರಸ್ತೆಗಳು ಉಳಿದ ಬಗೆ, ಅವುಗಳಿಂದ ಬೆಳೆಗಾರನಿಗಾದ ಲಾಭ, ಆ ಲಾಭ ಯಾರ ಪಾಲಿಗೆ ದಕ್ಕಲಿಲ್ಲ ಎಂಬ ಮೂರು ವಿಷಯಗಳನ್ನು ಇಲ್ಲಿ ಪರಿಶೀಲಿಸೋಣ. ಅಲ್ಲಿನ ಮುಖ್ಯ ಬೆಳೆ ದ್ರಾಕ್ಷಿ, ಮುಖ್ಯ ಉತ್ಪನ್ನ ವೈನ್. ಮದ್ಯದ ಗುಣಾವಗುಣಗಳ ಚರ್ಚೆ ಇಲ್ಲಿಯದಲ್ಲ. ತೋಟದ ಉತ್ಪನ್ನವೆಂಬ ದೃಷ್ಟಿಯಿಂದ ಮಾತ್ರ ಅದನ್ನು ನೋಡಲಾಗಿದೆ.

ಸೀಮೆಯ ಪರಿಚಯ

ಇಟಲಿಯ ನಡುಭಾಗದಲ್ಲಿ ಟಸ್ಕನಿ ಎಂಬ ಪ್ರಾಂತವಿದೆ. ಅದರ ಎರಡು ಪ್ರಾಚೀನ ನಗರಗಳಾದ ಫ್ಲಾರೆನ್ಸ್ ಮತ್ತು ಸಿಯೆನಾಗಳ ನಡುವಿನ ಗುಡ್ಡಗಾಡೇ ಕಿಯಾಂಟಿ. ಗಾಯೋಲೆ, ರಾದ್ದಾ, ಕಾಸ್ತೆಲ್ಲೀನಾ, ಗ್ರೇವೆ ಇಲ್ಲಿನ ಮುಖ್ಯ ಊರುಗಳು. ತೋಟಗಳು ಹೆಚ್ಚಾಗಿ ಸಮುದ್ರಮಟ್ಟದಿಂದ 250ರಿಂದ 600 ಮೀಟರ್ ಎತ್ತರದಲ್ಲಿವೆ. ‘ಕಿಯಾಂಟಿ ಕ್ಲಾಸಿಕೊ’ ಎಂದು ಗುರುತಿಸಲಾದ ಪ್ರದೇಶದ ವಿಸ್ತೀರ್ಣ ಸುಮಾರು 70 ಸಾವಿರ ಹೆಕ್ಟೇರ್. ಇದರಲ್ಲಿ ಆ ಹೆಸರಿನ ವೈನಿಗಾಗಿ ದ್ರಾಕ್ಷಿ ಬೆಳೆಯುವುದು ಸುಮಾರು 7 ಸಾವಿರ ಹೆಕ್ಟೇರುಗಳಲ್ಲಿ, ಅಂದರೆ ಹತ್ತರಲ್ಲೊಂದು ಪಾಲಿನಲ್ಲಿ ಮಾತ್ರ. ಉಳಿದುದರಲ್ಲಿ ಬಹುಭಾಗ ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕಾಡು, ಮಧ್ಯೆ ಮಧ್ಯೆ ಆಲಿವ್ ತೋಪು. ಕಾಡಿನ ನಡುವೆ ತೋಟ, ತೋಟದ ನಡುವೆ ಒಂಟಿ ಮನೆ ಎಂಬ ಈ ನೋಟ ನಮ್ಮವರಿಗೆ ಅಪರಿಚಿತವೇನಲ್ಲ.

ಇಲ್ಲಿನ ಮಣ್ಣಿನಲ್ಲಿ ಎರಡು ಬಗೆಯ ಕಲ್ಲು ಪ್ರಸಿದ್ಧ. ಪದರ ಪದರವಾಗಿ ಒಡೆಯುವ ಜೇಡಿಕಲ್ಲಿಗೆ ಗಲೆಸ್ತ್ರೊ ಎಂದೂ, ಗಟ್ಟಿಯಾದ ಸುಣ್ಣಕಲ್ಲಿಗೆ ಅಲ್ಬೆರೇಸೆ ಎಂದೂ ಹೆಸರು. ಸುಣ್ಣಕಲ್ಲಿನ ಜಲ್ಲಿಯನ್ನು ಹಾಸಿ ಬಿಗಿ ಮಾಡಿದ ರಸ್ತೆಗಳು ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತವೆ. ಅದಕ್ಕೇ ಅವುಗಳಿಗೆ ‘ಸ್ತ್ರಾದೆ ಬ್ಯಾಂಕೆ’, ಅಂದರೆ ಬಿಳಿ ರಸ್ತೆಗಳು ಎಂಬ ಹೆಸರು. ಒಣಹವೆಯಲ್ಲಿ ಅವು ಧೂಳೆಬ್ಬಿಸುತ್ತವೆ, ಮಳೆ ಬಂದರೆ ಜಾರುತ್ತವೆ.

ರಸ್ತೆ ಹುಟ್ಟಿದ್ದು ಯಾರ ಬೆವರಿನಿಂದ

ಈ ರಸ್ತೆಗಳನ್ನು ಯಾರೂ ಸೈಕಲ್ ಸವಾರರಿಗಾಗಿ ಮಾಡಲಿಲ್ಲ. ಟಸ್ಕನಿಯಲ್ಲಿ ಮಧ್ಯಯುಗದಿಂದಲೂ ‘ಮೆತ್ಸದ್ರಿಯಾ’ ಎಂಬ ಪಾಲು ಸಾಗುವಳಿ ಪದ್ಧತಿಯಿತ್ತು. ಜಮೀನು ಮತ್ತು ಮನೆ ಒಡೆಯನದು, ದುಡಿಮೆ ಒಕ್ಕಲಿನದು, ಬಂದ ಬೆಳೆಯಲ್ಲಿ ಅರ್ಧರ್ಧ. ಒಂದೊಂದು ಕುಟುಂಬಕ್ಕೆ ‘ಪೊದೇರೆ’ ಎಂಬ ಒಂದೊಂದು ಹಿಡುವಳಿ. ಅದರಲ್ಲಿಯೇ ಗೋಧಿ, ಆಲಿವ್, ದ್ರಾಕ್ಷಿ, ದನಕರು ಎಲ್ಲವೂ ಇರುತ್ತಿದ್ದವು. ಮಿಶ್ರಬೆಳೆಯ ಸಾಲುಗಳ ನಡುವೆ ದ್ರಾಕ್ಷಿ ಬಳ್ಳಿಯನ್ನು ಮರಕ್ಕೆ ಹಬ್ಬಿಸುವುದೂ ವಾಡಿಕೆಯಲ್ಲಿತ್ತು. ಇಂತಹ ಹಿಡುವಳಿಗಳಿಂದ ಒಡೆಯನ ಕಣಜದವರೆಗೆ ಎತ್ತಿನ ಗಾಡಿಯಲ್ಲಿ ಅರ್ಧಪಾಲು ಸಾಗಿಸಿದ ದಾರಿಗಳೇ ಇಂದಿನ ಬಿಳಿ ರಸ್ತೆಗಳಲ್ಲಿ ಅನೇಕ.

ಎರಡನೆಯ ಮಹಾಯುದ್ಧದ ನಂತರ ಚಿತ್ರ ಬದಲಾಯಿತು. 1950 ಮತ್ತು 1960ರ ದಶಕಗಳಲ್ಲಿ ಒಕ್ಕಲು ಮಕ್ಕಳು ಕಾರ್ಖಾನೆ ಕೆಲಸ ಹುಡುಕಿ ಪಟ್ಟಣ ಸೇರಿದರು. 1964ರ ಕಾನೂನು ಹೊಸ ಪಾಲು ಕರಾರುಗಳನ್ನು ನಿಷೇಧಿಸಿತು. 1982ರ ಕಾನೂನು ಉಳಿದಿದ್ದ ಕರಾರುಗಳನ್ನು ಗೇಣಿಯಾಗಿ ಪರಿವರ್ತಿಸಲು ಎಡೆಮಾಡಿಕೊಟ್ಟಿತು. ಆದರೆ ಅಷ್ಟರಲ್ಲಿ ಬಹಳ ಮನೆಗಳಿಗೆ ಬೀಗ ಬಿದ್ದಾಗಿತ್ತು. ಜನವಿಲ್ಲದ ಕಡೆಗೆ ಡಾಂಬರು ಹಾಕುವ ತುರ್ತು ಯಾರಿಗೂ ಇರಲಿಲ್ಲ. ಹೀಗಾಗಿ ಬಿಳಿ ರಸ್ತೆಗಳು ಮೊದಲು ಉಳಿದದ್ದು ಯಾರದೋ ದೂರದೃಷ್ಟಿಯಿಂದಲ್ಲ, ಊರು ಖಾಲಿಯಾದದ್ದರಿಂದ. ಈ ಸಂಗತಿಯನ್ನು ಮರೆತರೆ ಮುಂದಿನ ಕಥೆ ಅರ್ಧ ಮಾತ್ರ ಅರ್ಥವಾದೀತು.

ಸ್ಪರ್ಧೆಯಲ್ಲದ ಸ್ಪರ್ಧೆ

ಉಳಿದಿದ್ದ ರಸ್ತೆಗಳಿಗೂ ಕ್ರಮೇಣ ಡಾಂಬರು ಬೀಳತೊಡಗಿದಾಗ, ಗಾಯೋಲೆಯ ಜಾನ್‌ಕಾರ್ಲೊ ಬ್ರೋಚ್ಚಿ ಎಂಬವರು ಒಂದು ಉಪಾಯ ಹೂಡಿದರು. ರಸ್ತೆಯನ್ನು ಉಳಿಸಿರೆಂದು ಬರೀ ಮನವಿ ಸಲ್ಲಿಸಿದರೆ ಸಾಲದು, ಆ ರಸ್ತೆಗೊಂದು ಉಪಯೋಗ ತೋರಿಸಬೇಕು ಎಂಬುದೇ ಅದರ ತಿರುಳು. 1997ರಲ್ಲಿ ಅವರು ಗಾಯೋಲೆಯಿಂದ ಒಂದು ಸೈಕಲ್ ಯಾನವನ್ನು ಏರ್ಪಡಿಸಿದರು. ಅದಕ್ಕೆ ‘ಲೆರೋಯಿಕಾ’ ಎಂದು ಹೆಸರಿಟ್ಟರು. ವೀರೋಚಿತವಾದದ್ದು ಎಂದು ಆ ಮಾತಿನ ಅರ್ಥ. ಮೊದಲ ವರ್ಷ ಬಂದವರು 92 ಮಂದಿ. ಇತ್ತೀಚಿನ ವರ್ಷಗಳಲ್ಲಿ ಅಕ್ಟೋಬರ್ ತಿಂಗಳ ಆರಂಭದಲ್ಲಿ ಸಾವಿರಾರು ಸವಾರರು ಸೇರುತ್ತಾರೆ. ಗಾಯೋಲೆಯ ಜನಸಂಖ್ಯೆಯಾದರೋ ಮೂರು ಸಾವಿರಕ್ಕಿಂತ ಕಡಿಮೆ.

ಇದರ ನಿಯಮಗಳು ವಿಶಿಷ್ಟವಾಗಿವೆ. ಸೈಕಲ್ 1987ರದು ಅಥವಾ ಅದಕ್ಕೂ ಹಿಂದಿನದಾಗಿರಬೇಕು. ಚೌಕಟ್ಟು ಸಾಮಾನ್ಯವಾಗಿ ಉಕ್ಕಿನದು. ಗೇರು ಬದಲಿಸುವ ಸನ್ನೆ ಚೌಕಟ್ಟಿನ ಕೆಳಗೊಳವೆಯ ಮೇಲೆ, ಬ್ರೇಕಿನ ತಂತಿ ಹ್ಯಾಂಡಲಿನ ಹೊರಗೆ, ಪೆಡಲಿಗೆ ಚರ್ಮದ ಪಟ್ಟಿ. ಉಡುಪೂ ಹಳೆಯ ಮಾದರಿಯ ಉಣ್ಣೆಯದು. ಮೊದಲು ಬಂದವನಿಗೆ ಬಹುಮಾನವಿಲ್ಲ. ಸವಾರನ ಕೈಯಲ್ಲಿ ಒಂದು ಚೀಟಿ ಇರುತ್ತದೆ. ದಾರಿಯ ನಿಗದಿತ ಠಾಣೆಗಳಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಂಡು ಮುಗಿಸಿದರೆ ಅದೇ ಗೌರವ. ಚಿಕ್ಕ ಚಿಕ್ಕ ದಾರಿಗಳೂ ಉಂಟು. ಅತಿ ಉದ್ದದ್ದು 209 ಕಿಲೋಮೀಟರ್.

ಈ ದಾರಿಗೆ ಶಾಶ್ವತ ಕೈಮರಗಳನ್ನು ನೆಟ್ಟು, ವರ್ಷದ ಯಾವ ದಿನವಾದರೂ ಯಾರಾದರೂ ತುಳಿಯಬಹುದಾದ ಮಾರ್ಗವನ್ನಾಗಿ ಮಾಡಿದ್ದು ಬೆಳೆಗಾರರ ಮಟ್ಟಿಗೆ ಇನ್ನೂ ದೊಡ್ಡ ಸಂಗತಿ. ಇದಕ್ಕೆ ಹಳೆಯ ಸೈಕಲ್ಲೇ ಬೇಕೆಂಬ ಕಟ್ಟಳೆಯಿಲ್ಲ. ಅಗಲ ಟೈರಿನ, ಜಲ್ಲಿ ರಸ್ತೆಗೆಂದೇ ತಯಾರಾದ ಈಗಿನ ಸೈಕಲ್ಲುಗಳಲ್ಲಿ, ಹಿಂಬದಿಗೆ ಸಣ್ಣ ಗಂಟು ಕಟ್ಟಿಕೊಂಡು, ಎರಡು ಮೂರು ದಿನ ತಂಗುತ್ತಾ ಹೋಗುವವರೇ ಹೆಚ್ಚು. ಜಾತ್ರೆ ಒಂದು ದಿನದ್ದು, ದಾರಿ ವರ್ಷವಿಡೀ ಇರುವಂಥದ್ದು.

ದಾರಿಯುದ್ದಕ್ಕೂ

ದೊಡ್ಡ ಸುತ್ತಿನ ಸವಾರರು ನಸುಕಿಗೆ ಮುಂಚೆಯೇ, ಕತ್ತಲಲ್ಲಿ ದೀಪ ಹೊತ್ತಿಸಿಕೊಂಡು ಗಾಯೋಲೆಯಿಂದ ಹೊರಡುತ್ತಾರೆ. ಮೊದಲ ಕಠಿಣ ಏರು ಬ್ರೋಲಿಯೊ ಕೋಟೆಯದು. ಸೈಪ್ರೆಸ್ ಮರಗಳ ಸಾಲಿನ ನಡುವೆ ಬಿಳಿ ರಸ್ತೆ ಮೇಲೇರುತ್ತದೆ. ಯಾನದ ದಿನ ಅಂಚಿನುದ್ದಕ್ಕೂ ಹಣತೆಗಳನ್ನು ಹಚ್ಚಿಟ್ಟಿರುತ್ತಾರೆ. ಮುಂದೆ ದಾರಿ ಸಿಯೆನಾ ನಗರದ ಮಗ್ಗುಲಿಗೆ ಇಳಿದು ದಕ್ಷಿಣಕ್ಕೆ ತಿರುಗುತ್ತದೆ.

ಸಿಯೆನಾ ದಾಟಿದೊಡನೆ ನೆಲವೇ ಬೇರೆ. ಕಾಡು ಹಿಂದೆ ಸರಿದು, ಜೇಡಿಮಣ್ಣಿನ ಬೋಳು ದಿಬ್ಬಗಳು ಅಲೆಯಂತೆ ಏಳುತ್ತವೆ. ಇವಕ್ಕೆ ‘ಕ್ರೇತೆ’ ಎಂದು ಹೆಸರು. ಗೋಧಿ ಕೊಯ್ಲಾದ ಮೇಲೆ ನೆರಳಿಲ್ಲ, ನೀರಿನ ತಾಣಗಳೂ ವಿರಳ. ಇದನ್ನು ಹಾಯ್ದರೆ ಮೊಂತಾಲ್ಚೀನೊ ಬೆಟ್ಟ. 564 ಮೀಟರ್ ಎತ್ತರದ ಈ ಊರು ‘ಬ್ರುನೆಲ್ಲೊ’ ಎಂಬ ಬೆಲೆಯುಳ್ಳ ವೈನಿನ ತವರು. ಅಲ್ಲಿಂದ ಇಳಿದು, ಅಶಾನೊ ಊರಿನ ಮೂಲಕ ಮತ್ತೆ ಉತ್ತರಕ್ಕೆ ಹೊರಳಿದರೆ ಎದುರಾಗುವುದು ಮೊಂತೆ ಸಾಂತೆ ಮರಿಯೆ ಎಂಬ ಜಲ್ಲಿ ರಸ್ತೆ. ಸುಮಾರು ಹನ್ನೊಂದೂವರೆ ಕಿಲೋಮೀಟರ್ ಉದ್ದ, ಒಂದರ ಹಿಂದೊಂದು ಕಡಿದಾದ ಏರಿಳಿತ. ದಣಿದ ಕಾಲಿಗೆ ಇದೇ ನಿಜವಾದ ಪರೀಕ್ಷೆ. ಹಲವರು ಇಲ್ಲಿ ಇಳಿದು ಸೈಕಲ್ ತಳ್ಳುತ್ತಾರೆ. ಕೊನೆಗೆ ಕಾಸ್ತೆಲ್ನುವೊವೊ ಬೆರಾರ್ದೆಂಗಾ, ರಾದ್ದಾಗಳ ಮಾರ್ಗವಾಗಿ ಗಾಯೋಲೆ ಸೇರುವ ಹೊತ್ತಿಗೆ ಸವಾರ ಏರಿದ ಒಟ್ಟು ಏರು ಮೂರೂವರೆ ಸಾವಿರ ಮೀಟರಿಗೂ ಮಿಕ್ಕಿರುತ್ತದೆ. ದಾರಿಯಲ್ಲಿ ಅರ್ಧದಷ್ಟು ಡಾಂಬರಿಲ್ಲದ್ದು.

ಉಪಾಹಾರದ ಕಟ್ಟೆಗಳಲ್ಲಿ ಬಡಿಸುವ ತಿಂಡಿಯೂ ಗಮನಾರ್ಹ. ಡಬ್ಬಿಯ ತಿನಿಸಿನ ಬದಲು ಆಲಿವ್ ಎಣ್ಣೆ ಸವರಿದ ರೊಟ್ಟಿ, ಕುರಿಹಾಲಿನ ಗಿಣ್ಣು, ವೈನಿನಲ್ಲಿ ನೆನೆಸಿ ಸಕ್ಕರೆ ಉದುರಿಸಿದ ರೊಟ್ಟಿಚೂರು, ‘ರಿಬೊಲ್ಲೀತಾ’ ಎಂಬ ಗಂಜಿಯಂತಹ ಸಾರು. ಈ ಸಾರು ಹಳಸಲು ರೊಟ್ಟಿ, ಅವರೆಯಂತಹ ಕಾಳು ಮತ್ತು ಕರಿ ಎಲೆಕೋಸನ್ನು ಮತ್ತೆ ಮತ್ತೆ ಕುದಿಸಿ ಮಾಡಿದ ಒಕ್ಕಲು ಮನೆಯ ಊಟ. ಬಡತನದ ಅಡಿಗೆಯೇ ಈಗ ಅತಿಥಿಗಳು ಕೇಳಿ ಉಣ್ಣುವ ವಿಶೇಷವಾಗಿದೆ.

2007ರಲ್ಲಿ ಇದೇ ರಸ್ತೆಗಳ ಮೇಲೆ ವೃತ್ತಿಪರ ಸವಾರರ ಪಂದ್ಯವೂ ಆರಂಭವಾಯಿತು. ಈಗ ಅದರ ಹೆಸರೇ ‘ಸ್ತ್ರಾದೆ ಬ್ಯಾಂಕೆ’. 2015ರಿಂದ ಮಹಿಳೆಯರ ಪಂದ್ಯವೂ ನಡೆಯುತ್ತಿದೆ. ಮಾರ್ಚ್ ತಿಂಗಳಿನಲ್ಲಿ ನಡೆದು ಸಿಯೆನಾದ ಕಾಂಪೊ ಚೌಕದಲ್ಲಿ ಮುಗಿಯುವ ಈ ಪಂದ್ಯವನ್ನು ದೂರದರ್ಶನದಲ್ಲಿ ಹಲವು ದೇಶಗಳ ಜನ ನೋಡುತ್ತಾರೆ. ಹಿಂದುಳಿದಿರುವಿಕೆಯ ಗುರುತೆನಿಸಿದ್ದ ಧೂಳು ಈಗ ಆ ಸೀಮೆಯ ಜಾಹೀರಾತು.

ಹೆಸರಿನ ಬೇಲಿ

ರಸ್ತೆಯೊಂದೇ ಇದ್ದಿದ್ದರೆ ಬೆಳೆಗಾರನಿಗೆ ದಕ್ಕುತ್ತಿದ್ದುದು ಧೂಳು ಮಾತ್ರ. ಸವಾರನು ಬರುವ ಮೊದಲೇ ಅಲ್ಲಿನವರು ತಮ್ಮ ಉತ್ಪನ್ನದ ಹೆಸರಿಗೆ ಬೇಲಿ ಹಾಕಿಕೊಂಡಿದ್ದರು. ಇದರ ಇತಿಹಾಸ ಉದ್ದವಾದದ್ದು.

1716ರಲ್ಲಿ ಟಸ್ಕನಿಯ ಅರಸ ಮೂರನೆಯ ಕೋಸಿಮೊ ಮೆದಿಚಿಯು ಆಜ್ಞೆ ಹೊರಡಿಸಿ, ಕಿಯಾಂಟಿ ಮತ್ತು ಇನ್ನು ಮೂರು ವೈನ್ ಸೀಮೆಗಳ ಎಲ್ಲೆಗಳನ್ನು ನಿಗದಿಪಡಿಸಿದನು. 1872ರಲ್ಲಿ ಬ್ರೋಲಿಯೊ ಕೋಟೆಯ ಒಡೆಯ, ಎರಡು ಬಾರಿ ಇಟಲಿಯ ಪ್ರಧಾನಿಯಾಗಿದ್ದ ಬೆತ್ತೀನೊ ರಿಕಾಸೊಲಿಯು, ಯಾವ ಯಾವ ತಳಿಯ ದ್ರಾಕ್ಷಿಯನ್ನು ಹೇಗೆ ಬೆರೆಸಬೇಕೆಂದು ಒಂದು ಪತ್ರದಲ್ಲಿ ವಿವರಿಸಿದನು. ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿ ಅದರಲ್ಲಿ ಮುಖ್ಯವಾದುದು. ಹೆಸರು ಬೆಳೆದಂತೆ ಹೊರಗಿನವರೂ ತಮ್ಮ ಸರಕನ್ನು ಕಿಯಾಂಟಿ ಎಂದೇ ಮಾರತೊಡಗಿದರು. ಇದನ್ನು ತಡೆಯಲು 1924ರಲ್ಲಿ 33 ಬೆಳೆಗಾರರು ರಾದ್ದಾದಲ್ಲಿ ಸೇರಿ ಸಂಘ ಕಟ್ಟಿ, ಕಪ್ಪು ಹುಂಜವನ್ನು ಮುದ್ರೆಯಾಗಿ ಆರಿಸಿಕೊಂಡರು.

ಆ ಹುಂಜಕ್ಕೊಂದು ಜನಪದ ಕಥೆಯುಂಟು. ಫ್ಲಾರೆನ್ಸ್ ಮತ್ತು ಸಿಯೆನಾಗಳಿಗೆ ಗಡಿ ಜಗಳ. ಕೋಳಿ ಕೂಗಿದೊಡನೆ ಎರಡೂ ಕಡೆಯಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡುವುದು, ಅವರು ಸಂಧಿಸಿದಲ್ಲೇ ಗಡಿ ಎಂದು ತೀರ್ಮಾನವಾಯಿತು. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆ ತುಂಬ ಮೇಯಿಸಿದರು. ಅದು ಹಾಯಾಗಿ ಮಲಗಿತು. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿವಿನಿಂದ ಅದು ಬೆಳಗಿಗೆ ಬಹಳ ಮೊದಲೇ ಕೂಗಿತು. ಅವರ ಸವಾರ ಸಿಯೆನಾದ ಹತ್ತಿರ ಹತ್ತಿರಕ್ಕೆ ಬಂದುಬಿಟ್ಟ. ಬಹುಪಾಲು ಕಿಯಾಂಟಿ ಫ್ಲಾರೆನ್ಸಿನ ಪಾಲಾಯಿತು. ಕಥೆ ಕಥೆಯೇ; ಆದರೆ ಸಂಘದ ಮುದ್ರೆಗೆ ಊರವರಿಗೆಲ್ಲ ಗೊತ್ತಿದ್ದ ಗುರುತನ್ನೇ ಆರಿಸಿಕೊಂಡದ್ದು ಜಾಣತನ.

ಸಂಘ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. 1932ರಲ್ಲಿ ಸರಕಾರವು ಕಿಯಾಂಟಿ ಎಂಬ ಹೆಸರನ್ನು ಸುತ್ತಲಿನ ಜಿಲ್ಲೆಗಳಿಗೂ ವಿಸ್ತರಿಸಿತು. ಮೂಲ ಸೀಮೆಗೆ ‘ಕ್ಲಾಸಿಕೊ’ ಎಂಬ ಮಾತನ್ನು ಸೇರಿಸಿಕೊಳ್ಳುವ ಹಕ್ಕು ಮಾತ್ರ ಉಳಿಯಿತು. 1960ರ ದಶಕದ ನಂತರ ಹೆಚ್ಚು ಇಳುವರಿಯ ಆಸೆಗೆ ನೆಟ್ಟ ತಳಿಗಳಿಂದ ಗುಣಮಟ್ಟ ಕುಸಿದು, ಹುಲ್ಲು ಹೆಣೆದ ಬುದ್ದಲಿಯಲ್ಲಿ ಬರುವ ಅಗ್ಗದ ವೈನ್ ಎಂಬ ಅಪಕೀರ್ತಿಯೂ ಬಂತು. 1980ರ ದಶಕದ ಕೊನೆಯಲ್ಲಿ ಸಂಘವೇ ಮುಂದಾಗಿ ಉತ್ತಮ ಸಸಿ ಆಯ್ಕೆ, ಸಾಲಿನ ಅಂತರ, ನಾಟಿಯ ಸಾಂದ್ರತೆಗಳ ಬಗೆಗೆ ದೀರ್ಘಕಾಲದ ಪ್ರಯೋಗ ಕೈಗೊಂಡಿತು. 1984ರಲ್ಲಿ ಕಾನೂನಿನ ಅತ್ಯುನ್ನತ ದರ್ಜೆ, 1996ರಲ್ಲಿ ಕ್ಲಾಸಿಕೊಗೆ ಪ್ರತ್ಯೇಕ ಸ್ಥಾನ ದೊರೆಯಿತು. ಈಗ ಕನಿಷ್ಠ ಶೇಕಡಾ 80ರಷ್ಟು ಸಾಂಜೊವೇಸೆ ಇರಲೇಬೇಕು. ಅಂದರೆ ಸೈಕಲ್ ಸವಾರ ರಸ್ತೆ ಬದಿಯಲ್ಲಿ ಕಂಡ ತೋಟಕ್ಕೂ, ಮನೆಗೆ ಹೋಗಿ ಅಂಗಡಿಯಲ್ಲಿ ಕೊಳ್ಳುವ ಸೀಸೆಗೂ ನೇರ ಸಂಬಂಧವಿದೆ.

ಸವಾರನ ಹಣ ಯಾರ ಕೈಗೆ

ಸೈಕಲ್ ಸವಾರ ಬಸ್ಸಿನ ಪ್ರವಾಸಿಯಂತಲ್ಲ. ನಿಧಾನವಾಗಿ ಹೋಗುತ್ತಾನೆ, ಹೆಚ್ಚು ಹಸಿಯುತ್ತಾನೆ, ಕತ್ತಲಾದಲ್ಲಿ ತಂಗಬೇಕಾಗುತ್ತದೆ. ಅವನಿಗೆ ದೊಡ್ಡ ಹೋಟೆಲಿಗಿಂತ ದಾರಿಯ ಪಕ್ಕದ ತೋಟದ ಮನೆಯೇ ಅನುಕೂಲ. ಇದಕ್ಕೆ ಪೂರಕವಾಗಿ ಇಟಲಿಯಲ್ಲಿ ಎರಡು ಕಾನೂನುಗಳು ಬಂದಿವೆ.

ಒಂದನೆಯದು 1985ರ ‘ಅಗ್ರಿತುರಿಸ್ಮೊ’ ಕಾನೂನು. ತೋಟದ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವವನು ಸ್ವತಃ ಕೃಷಿಕನಾಗಿರಬೇಕು. ಕೃಷಿಯೇ ಮುಖ್ಯ ಕಸುಬಾಗಿದ್ದು, ಆತಿಥ್ಯ ಅದಕ್ಕೆ ಪೂರಕವಾಗಿರಬೇಕು ಎಂಬುದು ಅದರ ತಿರುಳು. 2006ರಲ್ಲಿ ಹೊಸ ಕಾನೂನು ಬಂದಾಗಲೂ ಈ ತತ್ವ ಉಳಿಯಿತು. ಎರಡನೆಯದು 1999ರ ‘ವೈನ್ ರಸ್ತೆ’ ಕಾನೂನು. ಕೈಮರಗಳನ್ನು ನೆಟ್ಟ ಮಾರ್ಗದ ಉದ್ದಕ್ಕೂ ತೋಟ, ನೆಲಮಾಳಿಗೆ, ಊಟದ ಮನೆಗಳನ್ನು ಒಟ್ಟಾಗಿ ಪ್ರಚಾರ ಮಾಡಲು ಇದು ದಾರಿಮಾಡಿತು. ತೋಟ ಬಿಟ್ಟು ಲಾಡ್ಜಿಗಿಳಿಯದಂತೆ ಮೊದಲನೆಯದು ಕಾಯುತ್ತದೆ; ಒಬ್ಬೊಬ್ಬರೇ ಗಿರಾಕಿಗಾಗಿ ಕಿತ್ತಾಡದಂತೆ ಎರಡನೆಯದು ನೋಡಿಕೊಳ್ಳುತ್ತದೆ.

ನಾಣ್ಯದ ಇನ್ನೊಂದು ಮುಖ

ಇಷ್ಟು ಓದಿ ಎಲ್ಲವೂ ಶುಭವೆಂದು ಭಾವಿಸಬಾರದು. ಒಕ್ಕಲುಗಳು ಬಿಟ್ಟುಹೋದ ಕಲ್ಲಿನ ಮನೆಗಳನ್ನು 1960ರ ದಶಕದಿಂದ ಪಟ್ಟಣಿಗರೂ ವಿದೇಶೀಯರೂ ಕೊಂಡರು. ಇಂಗ್ಲಿಷರ ಸಂಖ್ಯೆ ಎಷ್ಟಾಯಿತೆಂದರೆ, ಆ ಸೀಮೆಗೆ ಇಂಗ್ಲೆಂಡಿನ ಜಿಲ್ಲೆಯ ಧಾಟಿಯಲ್ಲಿ ‘ಕಿಯಾಂಟಿಶೈರ್’ ಎಂಬ ಕುಚೇಷ್ಟೆಯ ಹೆಸರೇ ಬಿತ್ತು. ದ್ರಾಕ್ಷಿ ತೋಟದ ಬೆಲೆ ಹೆಕ್ಟೇರಿಗೆ ಒಂದು ಲಕ್ಷ ಯೂರೊ ಮೀರಿದೆ. ಸಾಧಾರಣ ರೈತನ ಮಗ ಹೊಸದಾಗಿ ತೋಟ ಕೊಳ್ಳುವುದು ಕಷ್ಟ. ಕೊಯ್ಲಿಗೆ ಹೊರದೇಶಗಳಿಂದ ಬಂದ ಕೂಲಿಗಳನ್ನೇ ಬಹಳಷ್ಟು ಅವಲಂಬಿಸಬೇಕಾಗಿದೆ. ಆ ರಸ್ತೆಯಲ್ಲಿ ಗಾಡಿ ಹೊಡೆದ ಕುಟುಂಬಗಳಲ್ಲಿ ಬಹುತೇಕರಿಗೆ ರಸ್ತೆಯ ಕೀರ್ತಿಯಿಂದ ಏನೂ ದಕ್ಕಲಿಲ್ಲ. ಬೆಲೆ ಬರುವ ಹೊತ್ತಿಗೆ ಅವರು ಅಲ್ಲಿರಲಿಲ್ಲ.

ನಮಗೆ ಅನ್ವಯಿಸುವುದೆಷ್ಟು

ಕುರುಡು ಅನುಕರಣೆ ಸಲ್ಲದು. ಕಿಯಾಂಟಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 30ರಿಂದ 35 ಅಂಗುಲ. ಮಲೆನಾಡಿನ ಅನೇಕ ತೋಟಗಳಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಅಷ್ಟು ಸುರಿಯುವುದುಂಟು. ಅಲ್ಲಿನ ಜಲ್ಲಿ ರಸ್ತೆಯನ್ನು ಇಲ್ಲಿ ಹಾಗೆಯೇ ಹಾಸಿದರೆ ಒಂದೇ ಮಳೆಗಾಲಕ್ಕೆ ಹಳ್ಳ ಸೇರುತ್ತದೆ. ಅಲ್ಲಿಯೂ ಊರಿನಿಂದ ಊರಿಗೆ ಹೋಗುವ ಹೆದ್ದಾರಿಗಳು ಡಾಂಬರಿನವೇ. ಬಿಳಿಯಾಗಿ ಉಳಿದವು ತೋಟದಿಂದ ತೋಟಕ್ಕೆ ಹೋಗುವ ಒಳದಾರಿಗಳು. ಆದಕಾರಣ ಆಸ್ಪತ್ರೆ, ಶಾಲೆ, ಮಾರುಕಟ್ಟೆಗಳ ದಾರಿಗೆ ಪಕ್ಕಾ ರಸ್ತೆಯ ಬೇಡಿಕೆಯನ್ನು ಯಾರೂ ಕೈಬಿಡಬೇಕಾಗಿಲ್ಲ.

ಆದರೆ ಒಂದು ನೇರ ಸಂಬಂಧವನ್ನು ಗಮನಿಸಬೇಕು. ಭಾರತದ ಕಾಫಿಗೆ ಇಟಲಿ ಅನೇಕ ವರ್ಷಗಳಿಂದ ಅತಿ ದೊಡ್ಡ ಗ್ರಾಹಕ ರಾಷ್ಟ್ರಗಳಲ್ಲೊಂದು. ಎಸ್ಪ್ರೆಸೊ ಕಾಫಿಯ ಮೇಲಿನ ದಟ್ಟ ನೊರೆಗೆ ರೊಬಸ್ಟಾ ಬೀಜ ಬೇಕು. ಅದಕ್ಕಾಗಿ ನಮ್ಮ ರೊಬಸ್ಟಾ ಅಲ್ಲಿಗೆ ಹೋಗುತ್ತದೆ. ಸಿಯೆನಾದ ಕಾಫಿ ಕಟ್ಟೆಯಲ್ಲಿ ನಿಂತು ಸವಾರ ಕುಡಿಯುವ ಬಟ್ಟಲಿನಲ್ಲಿ ಕೊಡಗಿನದೋ ಚಿಕ್ಕಮಗಳೂರಿನದೋ ಬೀಜ ಇರಬಹುದು. ಆದರೆ ಅದು ಹತ್ತು ದೇಶಗಳ ಬೀಜದೊಡನೆ ಬೆರೆತು, ಹುರಿದವನ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದೇ ಮೇಜಿನ ಮೇಲಿನ ವೈನ್ ಸೀಸೆಯಲ್ಲಿ ಮಾತ್ರ ಗ್ರಾಮದ ಹೆಸರು, ತೋಟದ ಹೆಸರು, ಹುಂಜದ ಮುದ್ರೆ ಎಲ್ಲವೂ ಇರುತ್ತದೆ. ಬೆಳೆಗಾರನ ಪಾಲಿನ ಬೆಲೆಯ ವ್ಯತ್ಯಾಸಕ್ಕೆ ಇದೂ ಒಂದು ದೊಡ್ಡ ಕಾರಣ.

ನಮ್ಮಲ್ಲೂ ಬೇಲಿ ಹಾಕುವ ಕೆಲಸ ಆರಂಭವಾಗಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ, ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ದೊರೆತಿದೆ. ಆದರೆ ಕಾಗದದ ಮೇಲಿನ ಗುರುತು ತಾನಾಗಿಯೇ ಬೆಲೆ ತರುವುದಿಲ್ಲ. ಕಿಯಾಂಟಿಯ 33 ಮಂದಿ ಸಂಘ ಕಟ್ಟಿದ ಮೇಲೆ ಕಾನೂನಿನ ಉನ್ನತ ದರ್ಜೆ ಕೈಗೆ ಬರಲು ಅರುವತ್ತು ವರ್ಷ ಹಿಡಿಯಿತು.

ಒಟ್ಟಿನಲ್ಲಿ ನೆನಪಿಡಬೇಕಾದ ಅಂಶಗಳು ಇವು:

1. ಒಳದಾರಿಯೂ ತೋಟದ ಆಸ್ತಿಯೇ. ಮಳೆಗೆ ಮೊದಲು ಬಸಿಗಾಲುವೆ ಬಿಡಿಸಿ, ರಸ್ತೆಯ ನಡುವನ್ನು ಉಬ್ಬಾಗಿಟ್ಟು, ಅಡ್ಡಮೋರಿ ಕಟ್ಟಿಕೊಂಡರೆ ಅದು ಬಾಳುತ್ತದೆ. ಇದು ಒಬ್ಬರಿಂದ ಆಗದು. ದಾರಿಯ ಇಕ್ಕೆಲದವರೂ ಕೂಡಿ ಮಾಡಬೇಕು.

2. ಅತಿಥಿ ಬರುವ ಮೊದಲು ಉತ್ಪನ್ನಕ್ಕೊಂದು ನಂಬಿಕೆಯ ಹೆಸರಿರಬೇಕು. ಬೆರಕೆ ಮಾಡುವವನು ನೆರೆಯವನ ಹೆಸರನ್ನೂ ಕೆಡಿಸುತ್ತಾನೆ.

3. ಆತಿಥ್ಯ ತೋಟಕ್ಕೆ ಪೂರಕವಾಗಿರಬೇಕು, ತೋಟ ಆತಿಥ್ಯದ ಅಲಂಕಾರವಾಗಬಾರದು.

4. ಬೆಲೆ ಬರುವವರೆಗೆ ಭೂಮಿ ಬೆಳೆಗಾರನ ಕೈಯಲ್ಲಿ ಉಳಿಯಬೇಕು. ಟಸ್ಕನಿಯ ಒಕ್ಕಲುಗಳ ಕಥೆಯಿಂದ ಕಲಿಯಬೇಕಾದ ಅತಿ ಕಹಿಯಾದ ಪಾಠ ಇದೇ.

ಚರ್ಚೆಗೆ ಪ್ರಶ್ನೆಗಳು

ಮುಂದಿನ ಗ್ರಾಮ ಸಭೆಗಳಲ್ಲಿ ಸದಸ್ಯರು ಈ ಕೆಳಗಿನವುಗಳನ್ನು ಚರ್ಚಿಸಬಹುದು. ನಮ್ಮ ಭಾಗದ ಯಾವ ದಾರಿಗೆ ಡಾಂಬರು ಅತ್ಯಗತ್ಯ, ಯಾವುದು ಮಣ್ಣಿನದಾಗಿಯೇ ಇದ್ದರೂ ಸಾಕು? ನಮ್ಮ ಕಾಫಿ, ಅಡಿಕೆಗಳು ಯಾವ ಹಂತದಲ್ಲಿ ಊರಿನ ಹೆಸರನ್ನು ಕಳೆದುಕೊಳ್ಳುತ್ತವೆ? ಊರಿನಲ್ಲಿ ಬೀಗ ಬಿದ್ದಿರುವ ಮನೆಗಳೆಷ್ಟು, ಮಾರಾಟಕ್ಕಿರುವ ತೋಟಗಳೆಷ್ಟು, ಕೊಳ್ಳುವವರು ಯಾರು? ಇವುಗಳಲ್ಲಿ ಕೊನೆಯ ಪ್ರಶ್ನೆಗೆ ಉತ್ತರವನ್ನು ಹೆಸರು, ವಿಸ್ತೀರ್ಣ ಸಹಿತ ಬರೆದಿಟ್ಟುಕೊಂಡರೆ, ಹತ್ತು ವರ್ಷಗಳ ನಂತರ ಆ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ.